ಬಕೆಟ್ಟಿಗೆ ಅಂಟಿದ ಮೂರು ಚೀಟಿ

ಅಕ್ಟೋಬರ್ 27, 2024. ಭಾನುವಾರ

ಲಾರೆನ್ಸಣ್ಣ, ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀರೋ ಇಲ್ಲವೋ? ಮಗ ನೆಲ್ಸನ್ ಪ್ರೆಶರ್ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾನಾ? ಒಂದು ದಿನ ಮರೆತು ಮರುದಿನ ಎರಡು ನುಂಗುವುದು ಅವನ ಅಭ್ಯಾಸ. ಸೊಸೆ ರೆಬೆಕಾಗೆ ವಾಂತಿ ನಿಂತಿತಾ? ಈಗ ಆರು ತಿಂಗಳಾ, ಏಳಾ?

ಇದನ್ನೆಲ್ಲ ಮೊನ್ನೆ ಫೋನಿನಲ್ಲೇ ಕೇಳಿಯಾಗಿದೆ. ಆದರೂ ಈ ಪುಸ್ತಕ ತೆರೆದರೆ ಕೈ ಮೊದಲು ಇದನ್ನೇ ಬರೆಯುತ್ತದೆ. ಕಳಿಸುವ ಪತ್ರವಲ್ಲ. ಊರಲ್ಲಿ ಅರ್ಧ ವಾರ್ಡಿನ ಪತ್ರ ಬರೆದುಕೊಟ್ಟವಳು ನಾನು. ಬೊಂಬಾಯಿಗೆ, ಬಹರೈನಿಗೆ. ಶಾಲೆ ಕಂಡದ್ದು ಮೂರೇ ವರ್ಷ. ಉಳಿದದ್ದು ಪ್ರಾರ್ಥನೆ ಪುಸ್ತಕ, ಸಾಮಾನು ಕಟ್ಟಿದ ಪೇಪರು ನೋಡಿ ಕಲಿತದ್ದು. ಬರೆಯದಿದ್ದರೆ ಕೈ ಸುಮ್ಮನಿರುವುದಿಲ್ಲ.

ಇವತ್ತು ಗಡಿಯಾರ ಒಂದು ಗಂಟೆ ಹಿಂದಕ್ಕೆ. ಈ ಜರ್ಮನಿಯ ಪದ್ಧತಿ. ನನಗೆ ಯಾರೂ ಹೇಳಲಿಲ್ಲ. ಮೊದಲೇ ಹೋಗಿ ಇಗರ್ಜಿ ಬಾಗಿಲು ತೆಗೆದು ಒಬ್ಬಳೇ ಕುಳಿತೆ. ಐದು ಊರಿಗೆ ಒಬ್ಬರೇ ಪಾದ್ರಿ. ನಮ್ಮಲ್ಲಿ ಪೂಜೆ ತಿಂಗಳಿಗೆ ಎರಡು. ಬಂದವರು ಹದಿನೇಳು ಜನ, ನನ್ನನ್ನೂ ಸೇರಿಸಿ.

ಇಗರ್ಜಿ ನೋಡಿಕೊಳ್ಳುವುದು ಫ್ರಾವ್ ಶೊಯ್ಫೆಲೆ. ಇಲ್ಲಿ ಹೆಂಗಸರನ್ನು ಫ್ರಾವ್ ಎಂದು ಕರೆಯುವುದು, ಗಂಡಸರನ್ನು ಹೆರ್. ಎಂಬತ್ತು ದಾಟಿದೆ. ಗಂಟೆ, ಮೇಣದ ಬತ್ತಿ, ಪಾದ್ರಿಯ ಬಟ್ಟೆ, ಎಲ್ಲ ಅವರದೇ. ಸೊಂಟ ನೋವು ಜಾಸ್ತಿಯಾಗಿ ಆಗಸ್ಟಿನಲ್ಲಿ ಎರಡನೇ ಬೀಗದ ಕೈ ನನಗೆ ಕೊಟ್ಟರು. ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು, ಅಷ್ಟೆ. ಮಗಳು ಲಿಯೋನಾ, ಅಳಿಯ ವಿವಿಯನ್ ಬೊಬ್ಲಿಂಗೆನ್‌ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಶಬ್ದ. ಆ ಬೀಗದ ಕೈ ಬಂದ ಮೇಲೆ ಹಾಗಿಲ್ಲ.

ಅಕ್ಟೋಬರ್ 31. ಸಂಜೆ

ಬೆನ್ನು ಎತ್ತಲಾಗುವುದಿಲ್ಲ. ಸಂತೋಷವೂ ಇದೆ.

ನಾಳೆ ಸಕಲ ಸಂತರ ಹಬ್ಬ, ನಾಡಿದ್ದು ಮೃತರ ದಿನ. ಊರಲ್ಲಾದರೆ ಈ ವಾರ ವಾರ್ಡಿನ ಮುಖಂಡ ಗುರ್ಕಾರರು ಕರೆದ ಕೂಡಲೇ ವಾರ್ಡಿನವರೆಲ್ಲ ಕತ್ತಿ, ಹಿಡಿಸೂಡಿ, ಸುಣ್ಣ ಹಿಡಿದು ಸ್ಮಶಾನಕ್ಕೆ ಹೊರಡುವುದು. ಯಾರೂ ಇಲ್ಲದವರ ಸಮಾಧಿ ಮೊದಲು. ನಮ್ಮವರದ್ದು ಆಮೇಲೆ. ಇಲ್ಲಿ ಯಾರೂ ಕರೆಯಲಿಲ್ಲ. ಇಗರ್ಜಿ ಅಂಗಳದ ಸಮಾಧಿಗಳಿಗೆ ಒಬ್ಬೊಬ್ಬರೇ ಬಂದರು, ತಮ್ಮ ಕಲ್ಲಿನ ಎದುರು ಮಾತ್ರ ಹೂ ನೆಟ್ಟು ಹೋದರು. ಪಕ್ಕದ ಕಲ್ಲಿನ ಎಲೆ ಸಹ ಎತ್ತಲಿಲ್ಲ.

ಮೂರು ಸಮಾಧಿ ಹಾಗೇ ಉಳಿದವು. ಪಾಚಿ... ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಒಂದೊಂದು ಚೀಟಿ ಬೇರೆ, ನಮ್ಮ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಟ್ಯೂಷನ್ನಿನವರು ಅಂಟಿಸುವ ಹಾಗೆ. ಸತ್ತವರಿಗೂ ಜಾಹೀರಾತಾ? ಸಿಟ್ಟು ಬಂತು. ಬಿಸಿನೀರು ಹಾಕಿ ಉಗುರಲ್ಲಿ ಎಬ್ಬಿಸಿದೆ. ಹರಿಯದೆ ಬಂದವು. ಇಲ್ಲಿ ಕಸ ಹಾಕುವುದಕ್ಕೂ ನಾಲ್ಕು ಡಬ್ಬಿಯ ಪರೀಕ್ಷೆ, ಯಾವುದಕ್ಕೆ ಏನೆಂದು ನನ್ನ ತಲೆಗೆ ಇನ್ನೂ ಹತ್ತಿಲ್ಲ. ಬಕೆಟ್ಟಿನ ಹೊಟ್ಟೆಗೇ ಅಂಟಿಸಿಕೊಂಡು ಬಂದೆ.

ಒಂದು ಕಲ್ಲು ತೀರ ಸಣ್ಣದು. ಆನೆಲೀಸ ಮೌರರ್, 1961–1964. ಮೂರೇ ವರ್ಷ. ಅದನ್ನು ಎರಡು ಸಲ ತೊಳೆದೆ. ಮೂರಕ್ಕೂ ಕೆಂಪು ಗಾಜಿನ ದೀಪ ಇಟ್ಟೆ.

ನವೆಂಬರ್ 1

ಸಣ್ಣ ಕಲ್ಲಿಗೆ ಜನ ಬಂತು! ಹಸಿರು ಕೋಟಿನ ಮುದುಕ, ಅರವತ್ತೈದು ಆಗಿರಬಹುದು. ಕೆಮ್ಮುತ್ತಿದ್ದ. ಕಲ್ಲು ನೋಡಿ ಟೋಪಿ ತೆಗೆದ. ಸುತ್ತ ನೋಡಿದ. ನಾನು ಬಕೆಟ್ಟು ಹಿಡಿದು ನಿಂತಿದ್ದೆ, ಬೇರೆ ಯಾರಿದ್ದಾರೆ? “ಡಾಂಕೆ,” ಅಂದ, ಇವರ ಥ್ಯಾಂಕ್ಯೂ. ಎರಡು ಸಲ. ಆಮೇಲೆ ಇಗರ್ಜಿಯೊಳಗೆ ಹೋಗಿ ಹಿಂದಿನ ಮೇಜಿನ ಮೇಲಿರುವ ಪುಸ್ತಕದಲ್ಲಿ ಏನೋ ಬರೆದ. ಪ್ರಾರ್ಥನೆ ಬೇಕಾದವರು ಬರೆಯುವ ಪುಸ್ತಕ ಅದು.

ಎಷ್ಟು ದೂರದಿಂದ ಬಂದನೋ. ಚೊಕ್ಕ ಕಲ್ಲು ಕಂಡನಲ್ಲ.

ನವೆಂಬರ್ 3. ಭಾನುವಾರ

ಬೆಳಿಗ್ಗೆ ವಿವಿಯನ್ ಬಾಲ್ಕನಿ ಒರೆಸಲು ಬಕೆಟ್ಟು ತೆಗೆದುಕೊಂಡ. ಅಲ್ಲಿಂದಲೇ ಕೂಗಿದ.

“ಮಾಂಯ್, ಈ ಬಕೆಟ್ಟಿನ ಅವಧಿ ಮುಗಿದಿದೆಯಂತೆ! ವಾರಸುದಾರರು ಕೂಡ್ಲೇ ಇಗರ್ಜಿ ಆಫೀಸಿಗೆ ಬರ್ಬೇಕಂತೆ!”

ಬಿದ್ದು ಬಿದ್ದು ನಕ್ಕ. ಆಮೇಲೆ ನಗು ನಿಂತಿತು. “ಇದು ಎಲ್ಲಿಂದ ತಂದದ್ದು ಮಾಂಯ್?”

ಇಲ್ಲಿ ಸಮಾಧಿ ಎಂದರೆ ಶಾಶ್ವತ ಅಲ್ಲವಂತೆ. ಇಷ್ಟು ವರ್ಷಕ್ಕೆ ಎಂದು ಗುತ್ತಿಗೆ. ಅವಧಿ ಮುಗಿದು, ಮನೆಯವರ ವಿಳಾಸ ಸಿಗದಿದ್ದರೆ ಕಲ್ಲಿಗೆ ಚೀಟಿ. ವರ್ಷಕ್ಕೊಮ್ಮೆ ಈ ಹಬ್ಬಕ್ಕೆ ಬರುವವರು ನೋಡಲಿ ಎಂದೇ ಅಕ್ಟೋಬರಿನಲ್ಲಿ ಅಂಟಿಸುವುದು. ಯಾರೂ ಬಂದು ಸಹಿ ಹಾಕದಿದ್ದರೆ ಡಿಸೆಂಬರ್ ಎರಡಕ್ಕೆ ಯಂತ್ರ ಬರುತ್ತದೆ. ಕಲ್ಲು ಕಿತ್ತು ಹುಲ್ಲು ಹಾಕುತ್ತಾರೆ.

ಆ ಹಸಿರು ಕೋಟಿನವನು ಬಂದಿದ್ದ. ಕಲ್ಲಿನ ಮುಂದೆಯೇ ನಿಂತಿದ್ದ. ಚೀಟಿ ನನ್ನ ಕೈಯ ಬಕೆಟ್ಟಿನಲ್ಲಿತ್ತು. ಅದಕ್ಕೆ ಡಾಂಕೆ ಹೇಳಿ ಹೋದ.

ಲಿಯೋನಾ ಹೆದರಿದಳು. “ಯಾರ ಹತ್ರವೂ ಹೇಳ್ಬೇಡಿ ಮಮ್ಮಿ. ಈ ರಸ್ತೆಯಲ್ಲಿ ಹೊರಗಿನವ್ರು ನಾವೊಬ್ರೇ. ಬಂದು ವರ್ಷ ಆಗ್ಲಿಲ್ಲ ಇನ್ನೂ. ಬೇಕಾದ್ರೆ ಬೇರೆ ಚೀಟಿ ಅವ್ರೇ ಹಾಕ್ತಾರೆ.”

“ಹಾಕ್ಲಿ. ನೋಡುದು ಯಾರು? ಹಬ್ಬ ಮುಗೀತಲ್ಲ,” ಅಂದೆ.

ಅವಳು ತರಕಾರಿ ಹೆಚ್ಚತೊಡಗಿದಳು.

ನವೆಂಬರ್ 6

ಲಾರೆನ್ಸಣ್ಣನ ಫೋನು. “ಏನು ಕ್ಲೋಟಿಲ್ಡಾ ಬಾಯಿ, ಅಲ್ಲಿ ಸಮಾಧಿ ಎಲ್ಲ ಚಂದ ಮಾಡಿದ್ಯಂತೆ! ವಿವಿಯನ್ ಹಬ್ಬದ ದಿನವೇ ಫೋಟೋ ಕಳ್ಸಿದ್ದ. ಜರ್ಮನಿಯವ್ರಿಗೂ ಕಲಿಸಿದ್ಯಲ್ಲ ನೀನು! ಇಲ್ಲಿ ಫಾದರಿಗೂ ತೋರಿಸ್ದೆ.”

“ಹೌದಣ್ಣ,” ಅಂದೆ. ಮೊಣಕಾಲಿನ ವಿಷಯ ತೆಗೆದೆ.

ದಿನಕ್ಕೆ ಮೂರು ಸಲ ಆ ಕಲ್ಲಿನ ಹತ್ತಿರ ಹೋಗಿ ಬರುತ್ತಿದ್ದೇನೆ. ಹೋಗಿ ಮಾಡುವುದೇನು? ಏನಿಲ್ಲ. ನಿಂತು ಬರುವುದು.

ನವೆಂಬರ್ 12

ಇಷ್ಟು ದಿನ ಬರೆಯಲಿಲ್ಲ. ಪುಸ್ತಕ ತೆರೆಯುವುದು, ಮುಚ್ಚುವುದು. ಅಕ್ಕಿ ಎರಡು ಸಲ ತೊಳೆದೆ, ಒಲೆಗೆ ಇಡಲು ಮರೆತೆ. ಜಪಮಾಲೆ ಹಿಡಿದು ತೇರ್ಸ ಹೇಳುವಾಗ ಮಣಿ ತಪ್ಪುತ್ತದೆ.

ಇವತ್ತು ಫ್ರಾವ್ ಶೊಯ್ಫೆಲೆ ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು, ಸೊಂಟ ಹಿಡಿದುಕೊಂಡು, ಕಲ್ಲಿಂದ ಕಲ್ಲಿಗೆ ನಡೆಯುತ್ತಿದ್ದರು. ಚೀಟಿ ಹುಡುಕುತ್ತಿದ್ದರು. ನನ್ನನ್ನು ನೋಡಿ ತಲೆಯಾಡಿಸಿ, ಗಾಳಿ, ಗಾಳಿ ಎಂದು ಕೈ ಬೀಸಿ ತೋರಿಸಿದರು.

ಗಾಳಿಯಂತೆ. ನಾನೂ ತಲೆಯಾಡಿಸಿದೆ.

ನವೆಂಬರ್ 13. ಬೆಳಿಗ್ಗೆ ಹನ್ನೊಂದು

ಹೋಗಿ ಬಂದೆ.

ಲಿಯೋನಾಗೆ ಹೇಳಲಿಲ್ಲ. ಫ್ರಾವ್ ಶೊಯ್ಫೆಲೆಗೆ ಹೇಳಲು ನನಗೆ ಜರ್ಮನ್ ಇಲ್ಲ. ಬಕೆಟ್ಟನ್ನೇ ತೆಗೆದುಕೊಂಡು ಹೋದೆ. ಅವರ ಬಾಗಿಲ ಮುಂದೆ ಇಟ್ಟು, ಚೀಟಿ ಅವರ ಕಡೆಗೆ ತಿರುಗಿಸಿ, ಬೆಲ್ ಒತ್ತಿದೆ.

ಕನ್ನಡಕ ಹಾಕಿಕೊಂಡು ಓದಿದರು. ಒಂದು, ಎರಡು, ಮೂರು. ಬಕೆಟ್ಟು ನೋಡಿದರು, ನನ್ನ ಉಗುರು ನೋಡಿದರು. ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ನಾನು, ಗಾಳಿಯಲ್ಲ.

ಬೈಯಲಿಲ್ಲ. ಕೈ ಚಾಚಿದರು. ಸ್ವಲ್ಪ ಹೊತ್ತು ತಿಳಿಯಲಿಲ್ಲ ನನಗೆ. ಆಮೇಲೆ ತಿಳಿಯಿತು. ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟೆ. ಬಾಗಿಲು ಮುಚ್ಚಿತು. ಬಕೆಟ್ಟು ಅಲ್ಲೇ ಉಳಿಯಿತು.

ನವೆಂಬರ್ 17. ಭಾನುವಾರ

ಪೂಜೆ ಇಲ್ಲದ ವಾರ. ಹತ್ತು ಗಂಟೆಗೆ ಬೆಲ್. ಫ್ರಾವ್ ಶೊಯ್ಫೆಲೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನನ್ನ ಬಕೆಟ್ಟು. ಚೀಟಿ ಕಿತ್ತು, ಉಜ್ಜಿ ತೊಳೆದಿದ್ದಾರೆ.

ಲಿಯೋನಾಳ ಮುಖ ಬಿಳಿಚಿತು. ಆದರೂ ಕಾಫಿ ಮಾಡಿದಳು, ಜೊತೆಗೆ ಕೂತು ಮಾತು ದಾಟಿಸಿದಳು. ಎರಡು ಕಲ್ಲಿನವರು ಪಕ್ಕದ ಊರಿನಲ್ಲೇ ಇದ್ದಾರೆ, ಫ್ರಾವ್ ಶೊಯ್ಫೆಲೆ ಮನೆ ಮನೆಗೆ ಹೋಗಿ ಸಹಿ ತಂದರಂತೆ, ಆ ಸೊಂಟದಲ್ಲಿ. ಉಳಿದದ್ದು ಮಗುವಿನದು. ಪಟ್ಟಿಯಲ್ಲಿರುವುದು ತಾಯಿಯ ಹೆಸರು, ಆಕೆ ತೀರಿಕೊಂಡಿದ್ದಾರೆ. ಕಳಿಸಿದ ಕಾಗದ ವಾಪಸ್ಸು ಬಂದಿದೆ.

“ನಾನು ಸಹಿ ಹಾಕ್ತೇನೆ ಅಂತ ಹೇಳು.”

ಲಿಯೋನಾ ಕೇಳಿದಳು. ಮುದುಕಿ ತಲೆಯಲ್ಲಾಡಿಸಿದರು. “ಸಂಬಂಧಿಕರೇ ಆಗ್ಬೇಕಂತೆ ಮಮ್ಮಿ. ಇಗರ್ಜಿ ಸಮಿತಿಯ ರೂಲು. ಮುಂದಿನ ಮೀಟಿಂಗ್ ಜನವರಿಗೆ.”

ಆಗ ನೆನಪಾಯಿತು. ಪುಸ್ತಕ! ಹಸಿರು ಕೋಟಿನವನು ಬರೆದಿದ್ದನಲ್ಲ! ನಾನು ಎದ್ದೇ ಬಿಟ್ಟೆ. ಚಪ್ಪಲಿಯಲ್ಲೇ ಹೊರಟೆ, ಲಿಯೋನಾ ಕೋಟು ಹಿಡಿದು ಹಿಂದೆ ಓಡಿದಳು. ಇಗರ್ಜಿ ಬಾಗಿಲಿಗೆ ಮುಟ್ಟಿದ ಮೇಲೆ ಜೇಬಿಗೆ ಕೈ ಹಾಕಿದೆ. ಖಾಲಿ. ಫ್ರಾವ್ ಶೊಯ್ಫೆಲೆ ಊರುಗೋಲು ಊರಿ ಬರುವವರೆಗೆ ಚಳಿಯಲ್ಲಿ ನಿಂತೆವು. ಅವರೇ ಬೀಗ ತೆಗೆದರು.

ನವೆಂಬರ್ ಒಂದರ ಪುಟ. ವಕ್ರ ಅಕ್ಷರ. ಲಿಯೋನಾ ಓದಿದಳು: “ನನ್ನ ತಂಗಿ ಆನೆಲೀಸಳಿಗಾಗಿ. ಅವಳನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ. ಅವರಿಗಾಗಿಯೂ. ಡಿ. ಮೌರರ್, ಆಖೆನ್.”

ಅವರಿಗಾಗಿಯೂ ಅಂತೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನವೆಂಬರ್ 19. ಮಂಗಳವಾರ

ಆಖೆನ್‌ನಲ್ಲಿ ಡಿ. ಮೌರರ್ ಹೆಸರಿನ ಎರಡು ವಿಳಾಸ ಸಿಕ್ಕಿವೆ. ಒಂದಕ್ಕೆ ಫೋನಿದೆ, ಯಾರೂ ಎತ್ತುವುದಿಲ್ಲ. ಇನ್ನೊಂದಕ್ಕೆ ಅದೂ ಇಲ್ಲ. ಎರಡಕ್ಕೂ ಪತ್ರ ಹಾಕುವುದು. ಫ್ರಾವ್ ಶೊಯ್ಫೆಲೆ ನನ್ನ ಕಡೆ ಬೆರಳು ತೋರಿಸಿದರು, ನೀನೇ ಬರೆ. ಆಫೀಸಿನ ಲಕೋಟೆಯನ್ನು ಯಾರೂ ಒಡೆಯುವುದಿಲ್ಲವಂತೆ. ಬೀಗದ ಕೈಯ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ನಾನು ಇಲ್ಲಿ ಬರೆಯುವುದು, ಲಿಯೋನಾ ಜರ್ಮನ್ ಮಾಡುವುದು. ಮೊದಲ ಸಾಲಿಗೇ ತಕರಾರು.

“ಮಮ್ಮಿ, ಇಲ್ಲಿ ಗುರ್ತಿಲ್ಲದವ್ರಿಗೆ ಆರೋಗ್ಯ ಎಲ್ಲ ಕೇಳುದಿಲ್ಲ. ಸೀದಾ ವಿಷಯ ಬರಿಬೇಕು.”

“ಗುರ್ತಿಲ್ಲದೆ ಎಂತ? ಎರಡು ಸಲ ಡಾಂಕೆ ಹೇಳಿದ್ದಾರೆ.”

“ಆಯ್ತು ಮಾರಾಯ್ತಿ, ಇರ್ಲಿ,” ಅಂದಳು. ಲಕೋಟೆ ತರಲು ಒಳಗೆ ಹೋಗಿದ್ದಾಳೆ. ಐದೂವರೆಗೆ ಟಪ್ಪಾಲು ಡಬ್ಬಿ ಖಾಲಿ ಮಾಡುತ್ತಾರೆ. ಈಗ ಐದಾಯಿತು.

ಹೆರ್ ಮೌರರ್ ಅವರಿಗೆ, ಕ್ಲೋಟಿಲ್ಡಾಳ ನಮಸ್ಕಾರಗಳು. ಆರೋಗ್ಯವಾಗಿದ್ದೀರಾ? ಹಬ್ಬದ ದಿನ ನಿಮಗೆ ಕೆಮ್ಮಿತ್ತು. ಕಡಿಮೆಯಾಯಿತಾ? ಬಕೆಟ್ಟು ಹಿಡಿದು ನಿಂತಿದ್ದ ಹೆಂಗಸು ನಾನು. ನೀವು ನನಗಾಗಿ ಪ್ರಾರ್ಥನೆ ಬರೆದಿರಿ. ಆದರೆ ನಿಮ್ಮ ತಂಗಿಯ ಕಲ್ಲಿನ ಮೇಲೆ ನಿಮಗೆಂದು ಅಂಟಿಸಿದ್ದ ಚೀಟಿಯನ್ನು ಕಸವೆಂದು ಕಿತ್ತವಳೂ ನಾನೇ. ಸಮಾಧಿಯ ಅವಧಿ ಮುಗಿದಿದೆ. ಮನೆಯವರ ಸಹಿ ಬೇಕು. ನನ್ನದು ನಡೆಯುವುದಿಲ್ಲವಂತೆ. ಕಲ್ಲು ಇನ್ನೂ ಇದೆ. ಇವತ್ತು ಬೆಳಿಗ್ಗೆಯೂ ದೀಪ ಹಚ್ಚಿದೆ. ಡಿಸೆಂಬರ್ ಎರಡು, ಸೋಮವಾರ, ಬೆಳಿಗ್ಗೆ ಏಳಕ್ಕೆ ಅವರು ಯಂತ್ರ ತರುತ್ತಾರೆ. ನನ್ನ ಮೇಲೆ ಸಿಟ್ಟಿದ್ದರೆ ಅದನ್ನು ಆಮೇಲೆ ಬರೆಯಿರಿ, ಎಷ್ಟು ಪುಟವಾದರೂ ಸರಿ. ಮೊದಲು ಸಹಿ ಹಾಕಿದ ಒಂದೇ ಸಾಲು ಸಾಕು. ಬೇಗ ಬರೆಯಿರಿ, ಹೆರ್ ಮೌರರ್, ಈ ಪತ್ರ ಮುಟ್ಟಿದ ದಿನವೇ ಬರೆ—