ಕೊಡಿಗೇನಹಳ್ಳಿಯ ಚೊಂಬು

ಮಧುಗಿರಿ, ಜುಲೈ 14

ಎಂದಿನಂತೆ ಬೆಳಗಿನ ಸೇವೆ ಹಿತ್ತಲಿನ ಬಕೆಟ್ಟಿಗೆ. ಸಗಣಿ ಬಗ್ಗಡ ಕದಡಿದೆ. ಒಳಗಿನ ಸೂಕ್ಷ್ಮಜೀವಿಗಳು ಉಂಡು ಕರೆಂಟ್ ಕೊಡಬೇಕು, ಲೋಹ ಅದನ್ನು ಹಿಡಿಯಬೇಕು. ಅದಕ್ಕೆಂದು ಇಳಿಸಿದ್ದ ಕಬ್ಬಿಣದ ಮೊಳೆ ತುಕ್ಕು ತಿಂದು ತೀರಿಕೊಂಡಿತು. ವರಲಕ್ಷ್ಮಿ — ಧರ್ಮಪತ್ನಿ, ಈ ಯೋಜನೆಯ ಏಕೈಕ ವಿರೋಧ ಪಕ್ಷ — ಕೊಡಿಗೇನಹಳ್ಳಿ ತವರಿನ ತಾಮ್ರದ ಚೊಂಬು ತಂದಿಟ್ಟಳು.

"ತಗಳ್ರಿ, ಇದು ತುಕ್ಕು ಹಿಡಿಯಾಕಿಲ್ಲ. ವರಮಾಲಕ್ಷ್ಮಿ ಹಬ್ಬಕ್ಕೆ ಕಳಸಕ್ಕೆ ಬೇಕು. ನಮ್ಮವ್ವ ಕೊಟ್ಟಿದ್ದು, ಉಸಾರು."

ಕಣ್ಣು ತುಂಬಿತು. ಸಗಣಿ ವಾಸನೆಯೂ ಇರಬಹುದು.

ಜುಲೈ 15, ಸಂಜೆ

ಉರಿಯಿತು. ಶಿರಾದ ರೇಡಿಯೋ ರಿಪೇರಿ ನವಾಜ್ ಕೊಟ್ಟ ಪುಟ್ಟ ಸರ್ಕ್ಯೂಟಿಗೆ ಜೋಡಿಸಿದ್ದೇ ತಡ, ಎಲ್‌ಇಡಿ ಝಗ್ ಅಂತು. ಸೂಕ್ಷ್ಮಜೀವಿ ಬಂಧುಗಳಿಗೆ ಎದ್ದು ನಿಂತು ವಂದಿಸಿದೆ. ಪಕ್ಕದ ಮನೆ ಪರ್ವತಯ್ಯ ಕಾಂಪೌಂಡಿನಿಂದ ನೋಡುತ್ತಿದ್ದ.

"ಮೇಷ್ಟ್ರೇ, ರಿಟೈರ್ ಆದ್ರೆ ಎಲ್ಲಾರ್ಗೂ ಇಂಗೇ ಆಯ್ತದಾ?"

ಜುಲೈ 29

ಬರೆಯಲು ಮನಸ್ಸಿರಲಿಲ್ಲ. ದೀಪ ದಿನದಿನಕ್ಕೆ ಮಂಕು… ನಿನ್ನೆ ಆರಿತು. ಚೊಂಬು ಎತ್ತಿದೆ. ಮೈಯೆಲ್ಲ ಕಪ್ಪು, ಅಂಚಿಗೆ ಹಸಿರು. ತಳದ ಹಳೇ ಬೆಸುಗೆ ಕರಗಿ ತೂತು.

ತಾಮ್ರದ ಪಾತ್ರೆಯ ನೀರಲ್ಲಿ ಕ್ರಿಮಿ ಬದುಕುವುದಿಲ್ಲ — ಸರ್ವಿಸ್ ಪೂರ್ತಿ ಮಕ್ಕಳಿಗೆ ಹೇಳಿಕೊಟ್ಟದ್ದು. ಸಾಕಬೇಕಾದ ಸೂಕ್ಷ್ಮಜೀವಿಗಳ ಮನೆಗೇ ಆ ತಾಮ್ರವನ್ನು ಇಳಿಸಿದೆ. ಉರಿದದ್ದು ಅವರ ಕರೆಂಟಲ್ಲ, ಲೋಹ ಸವೆದು ಕೊಟ್ಟದ್ದು. ಅಂದರೆ ಅತ್ತೆಯವರದ್ದು. ನನ್ನ ವಂದನೆಗೆ ವಿಳಾಸ ತಪ್ಪಿತ್ತು.

ಹುಣಸೆಹಣ್ಣು ಹಾಕಿ ಉಜ್ಜಿದೆ. ಚೊಂಬು ಹೊಳೆಯಿತು. ತೂತು ಇನ್ನೂ ಚೆನ್ನಾಗಿ ಕಂಡಿತು.

ಆಗಸ್ಟ್ 7

ಹೊಸ ಬಗ್ಗಡ. ಹಳೇ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿ ಇಳಿಸಿ ವಾರವಾಯಿತು. ತುಕ್ಕಿಲ್ಲ. ಬೆಳಕೂ ಇಲ್ಲ.

ನಾಳೆ ಹಬ್ಬ. ಚೊಂಬು ಒಪ್ಪಿಸಿದೆ. ವರಲಕ್ಷ್ಮಿ ನೀರು ಹುಯ್ದಳು. ಸೀರೆ ಮೇಲೆ ತೊಟ್ಟಿಕ್ಕಿತು. ತೂತಿಗೆ ಬೆರಳಿಟ್ಟುಕೊಂಡು ಕೂತಳು. ಬೈಯಲಿಲ್ಲ. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಆಗಸ್ಟ್ 8, ಶುಕ್ರವಾರ

ಮಂಟಪದಲ್ಲಿ ಅದೇ ಚೊಂಬು. ಸೀರೆ ಉಟ್ಟು, ತೆಂಗಿನಕಾಯಿ ಹೊತ್ತು ಕೂತಿದೆ. ಒಳಗೆ ನೀರಿಲ್ಲ, ಅಕ್ಕಿ.

"ಅಕ್ಕಿ ಸೋರಾಕಿಲ್ಲ ಬುಡ್ರಿ," ಅಂದಳು. "ನಮ್ಮವ್ವನೂ ಅಂಗೇ. ಸವೆಯೋಗಂಟ ಕೊಟ್ಲು."

ಕಳಸದ ಸೀರೆಯ ನೆರಿಗೆ ಸರಿಮಾಡುತ್ತ ನಿಂತೆ.

"ಇಲ್ಲೇನ್ ನಿಂತಿದೀರಿ? ಇತ್ಲಲ್ಲಿ ನಿಮ್ ಬಕೆಟ್ಟು ಮಿಣಕ್ ಅಂತೈತೆ, ನೋಡೋಗ್ರಿ."

ಓಡಿದೆ. ಬಲು ಮಂದ… ಆದರೆ ಉರಿಯುತ್ತಿದೆ. ಈ ಸಲ ಸೂಕ್ಷ್ಮಜೀವಿಗಳದ್ದೇ. ಕೈಮುಗಿಯಹೋದವನು ತಡೆದುಕೊಂಡೆ. ವಿಳಾಸ ಮತ್ತೆ ತಪ್ಪಬಾರದು. ಮೊದಲ ವಂದನೆ ಒಳಗೆ, ಧರ್ಮಪತ್ನಿಗೆ —