ಎರಡೂ ಎಡಗಾಲು

ಯಂಕಂಚಿ, ತಾ. ಸಿಂದಗಿ
3 ಮೇ 1962

ಪ್ರೀತಿಯ ತಮ್ಮ ಜೈನುದ್ದೀನ,

ಅಕ್ಕ ಹಜರಾಬಿಯ ಸಲಾಮು, ದುವಾ. ನಿನ್ನ ಆರೋಗ್ಯ ಹೇಗಿದೆ? ರೂಢಿಯ ಮಾತೆಂದು ಮುಂದೆ ಓದಿಕೊಂಡು ಹೋಗಬೇಡ, ನಿಜವಾಗಿಯೂ ಕೇಳುತ್ತಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ನಾನು ಕಲಿಸುವ ಸಾಲಿಗೆ ಸೂಟಿ ಬಿಟ್ಟಿದೆ. ಬಿಸಿಲಂತೂ ಕೇಳಬೇಡ, ರೊಟ್ಟಿ ಬಡಿದು ಏಳುವಷ್ಟರಲ್ಲಿ ಸಾಕುಸಾಕಾಗುತ್ತದೆ. ಬರುವ ತಿಂಗಳು ಮೊಹರಂ. ಅಬ್ಬಾ ಈಗಲೇ ಬೆಂಕಿ ಹಾಕುವ ಅಲಾಯಿ ಕುಣಿಯ ಪಕ್ಕದ ತಮ್ಮ ಕಲ್ಲಿನ ಮೇಲೆ ಕೂತು ಮೇಳದವರಿಗೆಲ್ಲ ಹೆಜ್ಜೆ ತಿದ್ದುತ್ತಿದ್ದಾರೆ, ಬೈಯುತ್ತಿದ್ದಾರೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಲಂಡನ್ನಿಗೆ ಹೋದ ಹೊಸದರಲ್ಲಿ ಏನು ಬರೆದಿದ್ದೆ, ನೆನಪಿದೆಯೆ? "ಅಕ್ಕಾ, ನಾವು ಮೊಹರಂದಾಗ ನೆಲಾ ಒದ್ದು ಕುಣಿತೇವಿ. ಈ ಬ್ಯಾಲೆದವರು ನೆಲಾನ ಬಿಟ್ಟು ಏಳ್ತಾರ. ನಾ ಎರಡೂ ಒಂದ ಮೈಯಾಗ ಕೂಡಸ್ತೇನಿ!" ಆಗ ಕಾಗದದ ತುಂಬ ಬರೀ ಜಿಗಿತದ ಸುದ್ದಿ. ಈಗ ಆರು ತಿಂಗಳಿಂದ ಒಂದು ಜಿಗಿತವೂ ಇಲ್ಲ. ಕುಣಿಯುವುದಕ್ಕಿಂತ ಕುಣಿಸುವುದೇ ದೊಡ್ಡ ಕಲೆಯಂತೆ, ಕಲಿಸುವುದರಲ್ಲೇ ತೃಪ್ತಿಯಂತೆ. ಆಹಾ, ಇಪ್ಪತ್ತೇಳಕ್ಕೇ ವೈರಾಗ್ಯ! ಆ ಮಾತು ನಿನ್ನದಲ್ಲವೋ, ಅಬ್ಬಾನದು. ಚಕ್ಕಡಿಯಿಂದ ಬಿದ್ದು ಮೊಣಕಾಲು ಮುರಿದ ವರ್ಷ ಅವರೂ ಊರ ಮುಂದೆ ಹಾಗೇ ಅಂದಿದ್ದರು. ಆಮೇಲೆ ಬಣವಿಯ ಹಿಂದೆ ಹೋಗಿ ಅತ್ತದ್ದನ್ನು ನಾವಿಬ್ಬರೂ ನೋಡಿದ್ದೇವೆ.

ಇನ್ನು ಆ ಫೋಟೋ. ಕುರ್ಚಿಯಲ್ಲಿ ಕೂತಿದ್ದೀಯ, ತೊಡೆಯಿಂದ ಕೆಳಗೆ ಕಂಬಳಿ. ಚಳಿ ಎಂದು ಬರೆದಿದ್ದೀಯ. ಪಕ್ಕದಲ್ಲಿ ನಿಂತ ಹೆಣ್ಣುಮಗಳು ತೋಳಿಲ್ಲದ ಅಂಗಿ ಹಾಕಿದ್ದಾಳೆ. ಚಳಿ ನಿನಗೊಬ್ಬನಿಗೇ ಬರುತ್ತದೆಯೆ?

ಇಷ್ಟಾದರೂ ಸುಮ್ಮನಿದ್ದೆ. ಆದರೆ ಈ ಸಲದ ಚಪ್ಪಲಿಗೆಂದು ನೀನು ಒಂದೊಂದು ಹಾಳೆಯ ಮೇಲೆ ಒಂದೊಂದು ಕಾಲಿಟ್ಟು ಗೆರೆ ಎಳೆದು ಕಳಿಸಿದ ಅಳತೆಯನ್ನು ಚಪ್ಪಲಿ ಹೊಲಿಯುವ ಹಣಮಂತ್ರಾಯನಿಗೆ ಕೊಟ್ಟೆನಲ್ಲ, ಅವನು ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದ. "ಅಕ್ಕಾರ, ತಮ್ಮಾರು ಸಣ್ಣವರಿದ್ದಾಗ ಎಡಗಾಲ ಕಿರಿಬೆರಳು ಮುರಕೊಂಡಿದ್ರಲ್ರಿ? ಇಲ್ಲಿ ಎರಡೂ ಕಾಲಾಗ ಬೆರಳು ಡೊಂಕ ಐತ್ರಿ. ಒಂದ ಕಾಲು ಬರದು, ಹಾಳಿ ಮಗಚಿ ಇನ್ನೊಂದು ಮಾಡ್ಯಾರ್ರಿ" ಅಂದ. ಹೋದ ವರ್ಷದ ಹಾಳೆ ಅವನ ಪೆಟ್ಟಿಗೆಯಲ್ಲೇ ಇತ್ತು. ಅದರಲ್ಲಿ ಬಲಗಾಲಿನ ಬೆರಳು ನೆಟ್ಟಗಿದೆ.

ಜೈನುದ್ದೀನ, ನಿನ್ನ ಬಲಗಾಲಿಗೆ ಏನಾಗಿದೆ? ನನಗೆ ಹೆದರಿಕೆಯಾಗಿದೆ, ಸಿಟ್ಟೂ ಬಂದಿದೆ. ಅಕ್ಕನ ಮುಂದೆ ಸುಳ್ಳು ಹೇಳುವಷ್ಟು ದೊಡ್ಡವನಾದೆಯಾ? ಅಬ್ಬಾಗೆ ನಾನು ಏನೂ ಹೇಳಿಲ್ಲ. ಹಣಮಂತ್ರಾಯನ ಬಾಯಿಗೂ ಬೀಗ ಹಾಕಿಸಿದ್ದೇನೆ.

ಅಲ್ಲಾಹು ನಿನ್ನನ್ನು ಅಡಿಯಿಂದ ಮುಡಿಯವರೆಗೆ ಕಾಪಾಡಲಿ.

ನಿನ್ನ ಅಕ್ಕ,
ಹಜರಾಬಿ

ತಾ.ಕ.: ಟಪಾಲಿನವರು ಬಾಗಿಲಲ್ಲಿ ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹಣಮಂತ್ರಾಯ ಎಡಗಾಲಿನ ಚಪ್ಪಲಿ ಮಾತ್ರ ಹೊಲಿದಿಟ್ಟಿದ್ದಾನೆ. ಲಕೋಟೆ ಅಂಟಿಸುವಾಗ ಅಬ್ಬಾ ಬಂದು ನಿನ್ನ ಫೋಟೋ ಕೈಗೆತ್ತಿಕೊಂಡು, ಕಂಬಳಿಯ ಮೇಲೆ ಬೆರಳಿಟ್ಟು, "ಯಾವ ಕಾಲು?" ಎಂದು ಕೇಳಿದರು. ಫೋಟೋ ಕೆಳಗಿಟ್ಟು ಅವರೇ ಅಂದರು: "ಬಾ ಅಂತ ಬರಿ. ನನ್ನ ಕಲ್ಲಿನ ಮ್ಯಾಲ ಇಬ್ಬರು ಕೂಡಬಹುದು."