ಎಡಬಾಗಿಲ ಗಾಜು

ನವೆಂಬರ್ 3, ಸೋಮವಾರ, ಬೆಳಿಗ್ಗೆ 6.40

ಡೈರಿಗೆ ಹಾಲು ಹಾಕಿ ಬಂದೆ. ಮಾತ್ರೆ ಕೊಟ್ಟಾಯಿತು. ಫಿಸಿಯೋ ಕೊಟ್ಟ ರಬ್ಬರ್ ಚೆಂಡು ಇವತ್ತೂ ಮಂಚದ ಕೆಳಗೆ.

ನನ್ನ ಹೆಂಡತಿ ವೆಂಕಟಲಕ್ಷ್ಮಿಗೆ ಸ್ಟ್ರೋಕ್ ಆಗಿ ಐದು ತಿಂಗಳು. ಮಾತು ಬಂತು, ಕಾಲು ಬಂತು. ಎಡಗೈ ಮಾತ್ರ ಮಡಿಲಲ್ಲಿ ಬಿದ್ದಿರುತ್ತದೆ. ಚೆಂಡು ಹಿಸುಕು ಕಣೇ ಅಂದರೆ "ನಾನೇನ್ ಮಗೀನಾ?" ಅನ್ನುತ್ತಾಳೆ. ಕಬ್ಬಾಳಮ್ಮನಿಗೆ ಹರಕೆ ಹೊತ್ತವನು ನಾನು. ಹೋಗಿ ಮಡಿಲಕ್ಕಿ ಕೊಟ್ಟು ಬರೋಣ ಅಂದರೆ ಅದಕ್ಕೂ ಒಲ್ಲೆ.

"ತಾಯ್ಗೆ ಮಡ್ಲಕ್ಕಿನ ಒಂದ್ಕೈಲಿ ಕೊಡದಾ? ಭಿಕ್ಸೆ ಹಾಕ್ದಂಗೆ? ಎರಡ್ ಕೈಯೂ ಬರ್ಲಿ, ಆಮ್ಯಾಕೆ ಹೋಗವ."

ಬರದೇ ಹೋದರೆ? 

ಇದರ ಮೇಲೆ ಕಾರಿನ ರಗಳೆ. ಮುಂದಿನ ಎಡಬಾಗಿಲು, ಅವಳು ಕೂರುವ ಕಡೆ. ನನ್ನ ಕಡೆಯ ಸ್ವಿಚ್ ಒತ್ತಿದೆ — ಕರಕರ ಅಂತು, ಗಾಜು ದಡಕ್ಕನೆ ಬಾಗಿಲೊಳಗೆ ಕುಸಿಯಿತು. ಹದಿನೇಳು ವರ್ಷದ ಕಾರು, ಒಪ್ಪಿದೆ. ಆದರೂ! ಮೆಕ್ಯಾನಿಕ್ ಬೇಡ. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ಬಾಗಿಲು ಜೋಡಿಸುವ ಲೈನಿನಲ್ಲಿ ನಿಂತವನು ನಾನು. ಮಧ್ಯಾಹ್ನದೊಳಗೆ ಮುಗಿಸುತ್ತೇನೆ.

ಅದೇ ದಿನ, ಸಂಜೆ 7

ಮುಗಿಯಲಿಲ್ಲ.

ಒಳಗಿನ ಹಲಗೆ ಬಿಚ್ಚಿದೆ. ಎರಡು ಕ್ಲಿಪ್ ಮುರಿದೆ. ಗಾಜನ್ನು ಮೇಲೆತ್ತಿ ಕೂರಿಸಿ ಬೋಲ್ಟ್ ಬಿಗಿದೆ. ಚೊಕ್ಕವಾಗಿ ಕೂತಿತು. ಸ್ವಿಚ್ ಒತ್ತಿದೆ... ಸದ್ದೇ ಇಲ್ಲ. ಮೋಟರ್ ಸತ್ತಿದೆ. ಬಿಚ್ಚುವುದು ಹೇಗೆ? ಗೊತ್ತಿಲ್ಲ. ಲೈನಿನಲ್ಲಿ ನನ್ನದು ಗಾಜು ಕೂರಿಸುವ ಕೆಲಸ. ಮೋಟರ್ ಮುಂದಿನ ಸ್ಟೇಷನ್ನಿನ ಪ್ರಕಾಶನದು. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಇದ್ದು ಒಂದು ದಿನ ಕತ್ತು ತಿರುಗಿಸಿ ನೋಡಿಲ್ಲ ನಾನು.

ವೆಂಕಟಲಕ್ಷ್ಮಿ ಜಗಲಿಯ ಮೇಲೆ ಕೂತು ಅಷ್ಟೂ ನೋಡಿದಳು. "ಮಾತ್ ಮಾತ್ಗೂ ಬಾಗ್ಲು ಬಾಗ್ಲು ಅಂತಿದ್ರಲ್ಲ, ನಿಮ್ಗೆ ಗೊತ್ತಿರದು ಅರ್ಧ ಬಾಗ್ಲೇಯಾ?" ಅಂದು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಐದು ತಿಂಗಳಲ್ಲಿ ಇದೇ ಮೊದಲು. ಹಾಳಾದ ಮೋಟರ್, ಸತ್ತದ್ದೇ ಒಳ್ಳೆಯದಾಯಿತು.

ನವೆಂಬರ್ 9, ಭಾನುವಾರ

ಪ್ರಕಾಶ ಬಂದಿದ್ದ. ಚನ್ನಪಟ್ಟಣದಲ್ಲಿ ಈಗ ಸ್ವಂತ ಗ್ಯಾರೇಜು. ಗುಜರಿಯಿಂದ ಒಂದು ಮೋಟರ್ ತಂದಿದ್ದ. ನಾನು ಗಾಜು ಬಿಚ್ಚಿ ಕೈ ಎತ್ತಿದೆ, ಅವನು ಕೈ ಹಾಕಿದ. ಹಳೇ ಅಭ್ಯಾಸ ಎಲ್ಲಿ ಹೋಗುತ್ತದೆ. "ನಿನ್ ಕೆಲ್ಸ ಮುಗೀತಲ್ಲ, ಒಸಿ ಸರ್ಕೊಳ್ಲಾ ಪುಟ್ಸಾಮಿ" ಅಂತ ಮೊಣಕೈಯಲ್ಲಿ ತಿವಿದ.

ಗಾಜು ಬೆಣ್ಣೆಯ ಹಾಗೆ ಏರಿತು, ಇಳಿಯಿತು. ತೆಗೆದಿಟ್ಟಿದ್ದ ಹಳೇ ಮೋಟರ್ ಬಿಚ್ಚಿ ಪ್ರಕಾಶ ಮೂಸಿ ನೋಡಿದ. "ಸುಟ್ಟೋಗೈತೆ ಕಣ್ಲಾ. ಗಾಜು ತುದಿ ಮುಟ್ಟುದ್ ಮ್ಯಾಲೂ ಸ್ವಿಚ್ಚಿಂದ ಬೆರಳ್ ತೆಗ್ದಿಲ್ಲ ಯಾರೋ. ಒಂದ್ ಸಲ ಅಲ್ಲ, ನೂರಾರ್ ಸಲ. ಬ್ಯಾಟ್ರಿನೂ ಇಳ್ದೈತೆ."

ನನ್ನ ಕಾರು ಹೊರಡುವುದೇ ಗುರುವಾರ, ಆಸ್ಪತ್ರೆಗೆ. ಮತ್ತೆ ಯಾರು? ಪಕ್ಕದ ಮನೆ ಗಣೇಶ! ಹೋದ ತಿಂಗಳು ನಿಶ್ಚಿತಾರ್ಥಕ್ಕೆ ಅಂತ ಒಯ್ದಿದ್ದ.

ವೆಂಕಟಲಕ್ಷ್ಮಿ ಕಾಫಿ ಲೋಟ ಇಟ್ಟು ಒಳಗೆ ಹೋದಳು. 

ನವೆಂಬರ್ 10

ಡೈರಿಯಲ್ಲಿ ಎಲ್ಲರ ಎದುರಿಗೆ ಗಣೇಶನಿಗೆ ಅಂದುಬಿಟ್ಟೆ. "ಕಾರ್ ಕೊಟ್ರೆ ಮಕ್ಳ ಆಟಕ್ಕೆ ಬುಟ್ಟಿದ್ಯೇನ್ಲಾ?"

"ದೇವ್ರಾಣೆ ಇಲ್ಲ ಕಣಣ್ಣ" ಅಂದ. ಮುಖ ಸಣ್ಣಗಾಯಿತು. ಕ್ಯಾನ್ ಎತ್ತಿಕೊಂಡು ಹೋದ. ಹೋಗಲಿ. ತಪ್ಪು ಮಾಡಿದವನು ಹಾಗೇ ಹೋಗುವುದು.

ನವೆಂಬರ್ 19, ಬುಧವಾರ, ಮಧ್ಯಾಹ್ನ 3.30

ಇದನ್ನು ಈಗಲೇ ಬರೆಯಬೇಕು.

ಹುಲ್ಲು ಕೊಯ್ಯಲು ಹೋದವನು ಕುಡುಗೋಲು ಮರೆತು ವಾಪಸ್ ಬಂದೆ. ಕಾರು ಹಲಸಿನ ಮರದ ನೆರಳಲ್ಲಿ. ಗೋಡೆಯ ಮೊಳೆಯಲ್ಲಿ ಕಾರಿನ ಕೀ ಇಲ್ಲ. ನೋಡಿದರೆ ಒಳಗೆ ಕೂತಿದ್ದಾಳೆ — ತನ್ನ ಸೀಟಿನಲ್ಲೇ. ಬಲಗೈಯಲ್ಲಿ ಎಡಗೈ ಎತ್ತಿ ಬಾಗಿಲ ಸ್ವಿಚ್ ಮೇಲೆ ಇಟ್ಟಳು. ಬೆರಳು ಒತ್ತಿತು. ಗಾಜು ಏರಿತು, ತುದಿ ಮುಟ್ಟಿತು, ಮೋಟರ್ ಮುಲುಗಿತು. ಬೆರಳು ಮೇಲೇಳಲಿಲ್ಲ. "ಏಳು, ಏಳು ನಮ್ಮವ್ವ" ಅಂತ ಬೆರಳನ್ನೇ ಬೇಡಿಕೊಳ್ಳುತ್ತಿದ್ದಾಳೆ. ಕೊನೆಗೆ ಬಲಗೈಯಲ್ಲೇ ಎಳೆದು ತೆಗೆದಳು. ಮತ್ತೆ ಇಟ್ಟಳು. "ನಲ್ವತ್ತೊಂದು."

ಹುಲ್ಲಿನ ಮೆದೆಯ ಹಿಂದೆ ನಿಂತು ಅತ್ತೆ. ಅರವತ್ತರ ಗಂಡಸು, ಟವೆಲ್ ಬಾಯಿಗೆ ಒತ್ತಿಕೊಂಡು.

ಎದುರಿಗೆ ಹೋದರೆ ನಾಚಿಕೊಂಡು ಬಿಟ್ಟುಬಿಡುತ್ತಾಳೆ. ಹೋಗಲಿಲ್ಲ. ಹಿತ್ತಲಿನಿಂದ ಗಣೇಶನ ಮನೆಗೆ ಹೋದೆ. "ತಪ್ಪಾಯ್ತು ಕಣಪ್ಪ, ನಂದೇ ತಪ್ಪು" ಅಂದೆ. ಏನಾಯಿತು ಅಂತ ಕೇಳದೆ ಮಜ್ಜಿಗೆ ಕೊಟ್ಟ. ನಾಳೆ ಡೈರಿಯಲ್ಲೂ ಎಲ್ಲರ ಎದುರಿಗೆ ಹೇಳಬೇಕು.

ನವೆಂಬರ್ 20

ಡೈರಿಯಲ್ಲಿ ಹೇಳಿದೆ. ಪ್ರಕಾಶನಿಗೆ ಫೋನ್ — ಇನ್ನೊಂದು ಮೋಟರ್ ಹುಡುಕಿ ಇಡು.

"ಅದ್ಯಾಕ್ಲಾ? ಈಗಷ್ಟೇ ಹಾಕಿವ್ನಲ್ಲ?"

"ಸುಡ್ತದೆ. ಸುಡ್ಲಿ. ನೀನ್ ಇಟ್ಟಿರು."

ಸಂಜೆ ಇಪ್ಪತ್ತು ನಿಮಿಷ ಕಾರು ಸ್ಟಾರ್ಟ್ ಮಾಡಿಟ್ಟೆ, ಬ್ಯಾಟರಿ ತುಂಬಲಿ ಅಂತ. "ಎಲ್ಗೂ ಹೋಗಲ್ಲ, ಸುಮ್ಕೆ ಯಾಕೆ ಪೆಟ್ರೋಲ್ ಸುಡ್ತೀರಿ?" ಅಂದಳು. ಹಳೇ ಗಾಡಿ ಕಣೇ, ಒಸಿ ಬಿಸಿ ಆಗ್ಬೇಕು ಅಂದೆ. ಇಬ್ಬರೂ ಕಳ್ಳರೇ.

ನವೆಂಬರ್ 27, ಗುರುವಾರ

ಒಂದು ವಾರದಿಂದ ದಿನಾ ಇದೇ ಕಳ್ಳಾಟ. ಕೀ ಮೊಳೆಯಲ್ಲಿ ಉಲ್ಟಾ ನೇತಾಡುತ್ತಿದ್ದರೆ ಸರಿಮಾಡಿ ನೇತುಹಾಕುತ್ತೇನೆ. ಮೋಟರ್ ಸುಟ್ಟಿಲ್ಲ.

ಆಸ್ಪತ್ರೆಯಿಂದ ಬರುವಾಗ ತಾನಾಗಿಯೇ ಅಂದಳು: "ನಾಳೆ ಸುಕ್ರವಾರ ಅಲ್ವಾ. ಕಬ್ಬಾಳ್ಗೆ ಹೋಗವ."  ರಸ್ತೆ ಮಂಜು ಮಂಜಾಗಿ ಕಂಡಿತು, ನಿಧಾನ ಓಡಿಸಿದೆ.

ನವೆಂಬರ್ 28, ಶುಕ್ರವಾರ, ಬೆಳಿಗ್ಗೆ 6.05

ಹೊರಡಬೇಕು. ಸ್ನಾನ ಆಯಿತು. ಹೊಸ ರವಿಕೆ ಕಣ, ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಬಳೆ — ತಟ್ಟೆಯಲ್ಲಿ ಎಲ್ಲ ಇದೆ. ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳು ಕೀ ಇಸಿದುಕೊಂಡು ಮೊದಲೇ ಹೋಗಿ ಕಾರಿನಲ್ಲಿ ಕೂತಿದ್ದಾಳೆ. ಇವತ್ತು ನನ್ನ ಕಡೆಯ ಸ್ವಿಚ್ ಮುಟ್ಟುವುದಿಲ್ಲ, ಆಣೆ.

ಮೋಟರ್ ಸದ್ದು. ಗಾಜು ಇಳಿಯುತ್ತಿದೆ... ಅರ್ಧಕ್ಕೆ ನಿಂತಿತು. ಕೆಟ್ಟಿತಾ? ಇಲ್ಲ. ಮತ್ತೆ ಇಳಿಯಿತು. ಮತ್ತೆ ನಿಂತಿತು. ಬೆರಳು ಎತ್ತುತ್ತಿದ್ದಾಳೆ. ತಾನಾಗಿ ಏಳುತ್ತಿದೆ ಬೆರಳು!

"ಏನೂಂದ್ರೆ, ಬರ್ದಿದ್ ಸಾಕು. ತಟ್ಟೆ ತಕ್ಕೊಡಿ ಇಲ್ಲಿ, ನಾನೇ ಇಟ್ಕತೀನಿ."

ಕಿಟಕಿಯಿಂದ ಎರಡು ಕೈ ಹೊರಗೆ ಚಾಚಿದ್ದಾಳೆ. ಎಡಗೈ ಒಸಿ ನಡುಗುತ್ತಿದೆ, ಆದರೂ ಎರಡೂ —